ವೆಲ್ಡಿಂಗ್ ಕಾಯಕ ಮತ್ತು ಕಣ್ಣಿನ ರಕ್ಷಣೆ

ಜಾತ್ರೆ ಸಮೀಪಿಸಿತೆಂದರೆ ಊರಿನ ವೆಲ್ಡಿಂಗ್ ಅಂಗಡಿಗಳಿಗೆ ಹಗಲಿರುಳು ಕೆಲಸ. ದಾಸೋಹದ ಚಪ್ಪರಕ್ಕೆ ಕಬ್ಬಿಣದ ಕಂಬ, ಟ್ರ್ಯಾಕ್ಟರ್ ಟ್ರೇಲರಿನ ದುರಸ್ತಿ, ಹೊಸ ಮನೆಯ ಗೇಟು, ಕಿಟಕಿಯ ಗ್ರಿಲ್ಲು ಎಲ್ಲವೂ ಆ ದಿನಗಳಲ್ಲಿಯೇ ಮುಗಿಯಬೇಕು. ನಡುರಾತ್ರಿ ನಮ್ಮ ಬಾಗಿಲನ್ನು ತಟ್ಟುವವರೂ ಆಗಲೇ ಹೆಚ್ಚುತ್ತಾರೆ. ಕಣ್ಣು ತೆರೆಯಲಾಗದೆ, ನೀರು ಸುರಿಸುತ್ತ, ಕಣ್ಣಿನೊಳಗೆ ಮರಳು ಸುರಿದಂತಾಗಿದೆಯೆಂದು ನರಳುತ್ತ ಬರುವ ಇವರಲ್ಲಿ ಅನೇಕರು ವೆಲ್ಡಿಂಗ್ ಮಾಡುವವರಲ್ಲ. ಕಬ್ಬಿಣದ ತುಂಡನ್ನು ಹಿಡಿದು ನಿಲ್ಲುವ ಸಹಾಯಕ ಹುಡುಗರು. ಕಪ್ಪು ಗಾಜಿನ ಮುಖಕವಚ ಯಜಮಾನನ ಕೈಯಲ್ಲಿರುತ್ತದೆ. ಹುಡುಗನಿಗೆ ದೊರೆಯುವ ರಕ್ಷಣೆ ‘ಮುಖ ಆ ಕಡೆ ತಿರುಗಿಸು’ ಎಂಬ ಮಾತೊಂದೇ.

ಹಿಂದೆ ವೆಲ್ಡಿಂಗ್ ಯಂತ್ರವೆಂದರೆ ನಾಲ್ಕು ಜನ ಎತ್ತಬೇಕಾದ ಭಾರದ ಟ್ರಾನ್ಸ್‌ಫಾರ್ಮರ್. ಅದು ಅಂಗಡಿಯಲ್ಲಿಯೇ ಇರುತ್ತಿತ್ತು. ಇಂದಿನ ಇನ್ವರ್ಟರ್ ಯಂತ್ರವನ್ನು ಒಂದೇ ಕೈಯಲ್ಲಿ ಒಯ್ಯಬಹುದು. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿಯೇ ಅದು ನಡೆಯುತ್ತದೆ. ಆದ್ದರಿಂದ ಅದು ರೈತನ ಅಂಗಳಕ್ಕೂ ದನದ ಕೊಟ್ಟಿಗೆಗೂ ಬಂದಿದೆ. ದುಡಿಯುವವನಿಗೆ ಇದು ಒಳ್ಳೆಯದೇ. ಆದರೆ ಯಂತ್ರ ಮನೆಗೆ ಬಂದಷ್ಟು ಸುಲಭವಾಗಿ ಅದರ ಎಚ್ಚರಿಕೆ ಮನೆಗೆ ಬಂದಿಲ್ಲ. ಅಂಗಳದಲ್ಲಿ ಕಿಡಿ ಹಾರುವಾಗ ಮಕ್ಕಳು ಸುತ್ತ ನಿಂತು ಬೆರಗಿನಿಂದ ನೋಡುತ್ತಾರೆ.

ಆ ಜ್ವಾಲೆಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಜೊತೆಗೆ ಕಾಣದ ನೇರಳಾತೀತ ಕಿರಣಗಳೂ ಇವೆ. ಅವು ಕಣ್ಣಿನ ಪಾರದರ್ಶಕ ಪಟಲದ ಮೇಲ್ಪದರವನ್ನು ಸುಡುತ್ತವೆ. ಸುಡುವ ಕ್ಷಣದಲ್ಲಿ ನೋವಿಲ್ಲ. ಹಲವು ಗಂಟೆಗಳ ಬಳಿಕ, ಸಾಮಾನ್ಯವಾಗಿ ರಾತ್ರಿ ಮಲಗಿದ ಮೇಲೆ, ಉರಿ ಆರಂಭವಾಗುತ್ತದೆ. ಈ ವಿಳಂಬವೇ ಜನರನ್ನು ಮೋಸಗೊಳಿಸುತ್ತದೆ. ಸುಶ್ರುತಾಚಾರ್ಯರು ಅತಿ ಪ್ರಕಾಶವುಳ್ಳ ವಸ್ತುಗಳ ದರ್ಶನವನ್ನು ದೃಷ್ಟಿನಾಶದ ಕಾರಣಗಳಲ್ಲಿ ಹೇಳಿದ್ದಾರೆ. ಹೊಗೆಯ ಸೇವನೆಯನ್ನು ನೇತ್ರರೋಗಗಳ ಕಾರಣಗಳಲ್ಲಿ ಎಣಿಸಿದ್ದಾರೆ. ರೋಗದ ಕಾರಣವನ್ನು ದೂರಮಾಡುವುದೇ ಸಂಕ್ಷೇಪದಲ್ಲಿ ಚಿಕಿತ್ಸೆ ಎಂಬುದೂ ಅವರದೇ ಸೂತ್ರ.

ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಕಣ್ಣು ಉರಿದಾಗ ಎದೆಹಾಲು, ಹರಳೆಣ್ಣೆ, ಜೇನುತುಪ್ಪ ಹಾಕುತ್ತಾರೆ. ನಾವು ಆಯುರ್ವೇದದ ವೈದ್ಯರು. ಆದರೂ ಸ್ಪಷ್ಟವಾಗಿ ಹೇಳುತ್ತೇವೆ, ಸುಟ್ಟ ಪಟಲದ ಮೇಲೆ ಮನೆಯ ಯಾವ ವಸ್ತುವನ್ನೂ ಹಾಕಬಾರದು. ಸೋಂಕು ತಗಲಿದರೆ ದೃಷ್ಟಿಗೇ ಅಪಾಯ. ಔಷಧದ ಅಂಗಡಿಯಿಂದ ಮರಗಟ್ಟಿಸುವ ಹನಿಗಳನ್ನು ತಂದು ಪದೇ ಪದೇ ಹಾಕಿಕೊಳ್ಳುವುದೂ ತಪ್ಪು. ನೋವು ಮಾಯವಾಗುತ್ತದೆ, ಗಾಯ ಮಾಯುವುದಿಲ್ಲ. ಕಣ್ಣನ್ನು ಉಜ್ಜದೆ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಶುಚಿಯಾದ ಒದ್ದೆ ಬಟ್ಟೆಯನ್ನಿಟ್ಟು, ಕತ್ತಲೆಯ ಕೋಣೆಯಲ್ಲಿ ವಿಶ್ರಮಿಸಿ ನೇತ್ರವೈದ್ಯರನ್ನು ಕಾಣಬೇಕು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಗ್ರೈಂಡರಿನಿಂದ ಸಿಡಿದ ಕಬ್ಬಿಣದ ಕಣ ಹೊಕ್ಕಿದ್ದರೆ ಮಾತ್ರ ಗಂಟೆಯನ್ನೂ ತಡಮಾಡಬಾರದು.

ಹೊಗೆಯ ವಿಷಯ ಇನ್ನೂ ಗಂಭೀರ. ಸತು ಲೇಪಿಸಿದ ಜಿ.ಐ. ಪೈಪನ್ನು ಬೆಸೆದ ದಿನ ಸಂಜೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಕಾಣಿಸಿಕೊಳ್ಳುವುದುಂಟು. ಮರುದಿನ ಅದು ಇಳಿಯುವುದರಿಂದ ಸಾಮಾನ್ಯ ಜ್ವರವೆಂದು ಮರೆತುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಕೆಲಸದ ಬಳಿಕ ಬೆಲ್ಲ, ಬಾಳೆಹಣ್ಣು ತಿಂದು ಹಾಲು ಕುಡಿದರೆ ಹೊಗೆ ಹೊರಹೋಗುತ್ತದೆಂಬ ನಂಬಿಕೆ ಕೆಲಸಗಾರರಲ್ಲಿ ಬಲವಾಗಿದೆ. ಇವು ಒಳ್ಳೆಯ ಆಹಾರಗಳು, ತಿನ್ನಲಿ. ಆದರೆ ಬೆಲ್ಲ ಹೋಗುವುದು ಜಠರಕ್ಕೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ.

‘ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ, ನನಗೇನೂ ಆಗಿಲ್ಲ’ ಎನ್ನುವ ಹಿರಿಯ ಕುಶಲಕರ್ಮಿಗಳಿದ್ದಾರೆ. ಅವರ ಅನುಭವವನ್ನು ನಾವು ಗೌರವಿಸುತ್ತೇವೆ. ಆದರೆ ಕಣ್ಣೋ ಎದೆಯೋ ಕೆಟ್ಟು ಆ ಕೆಲಸವನ್ನೇ ಬಿಟ್ಟುಹೋದವರು ಈಗ ಅಂಗಡಿಯಲ್ಲಿಲ್ಲ. ಆದ್ದರಿಂದ ಅವರ ಮಾತು ಅಲ್ಲಿ ಕೇಳಿಸುವುದಿಲ್ಲ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಸಾಮಾನ್ಯ ಗ್ರಿಲ್ ಕೆಲಸಕ್ಕೆ 10 ಅಥವಾ 11ನೆಯ ಸಂಖ್ಯೆಯ ಕಪ್ಪು ಗಾಜುಳ್ಳ ಮುಖಕವಚ ಬೇಕು. ಬಿಸಿಲಿನ ತಂಪು ಕನ್ನಡಕ ಸಾಲದು. ಸಹಾಯಕನಿಗೂ ಅಂಥದೇ ಒಂದಿರಲಿ. ತುಂಡನ್ನು ಹುಡುಗನ ಕೈಗೆ ಕೊಡುವ ಬದಲು ಕ್ಲ್ಯಾಂಪಿಗೆ ಕೊಡಬಹುದು. ಗಾಳಿಯಾಡುವ ಕಡೆ, ಗಾಳಿ ಹೊಗೆಯನ್ನು ಮುಖದಿಂದ ದೂರ ಒಯ್ಯುವಂತೆ ಕುಳಿತು ಕೆಲಸ ಮಾಡಬೇಕು. ಸತುವಿನ ಲೇಪವನ್ನು ಬೆಸೆಯುವ ಜಾಗದಲ್ಲಿ ಮೊದಲೇ ಉಜ್ಜಿ ತೆಗೆಯಬೇಕು. ಉಜ್ಜುವಾಗಲೂ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಬೇಕು.

ಹೊಣೆ ಅಂಗಡಿಯವನೊಬ್ಬನದೇ ಎಂದು ನಾವು ಒಪ್ಪುವುದಿಲ್ಲ. ಕೆಲಸ ಮಾಡಿಸುವ ನಾವೂ ಹೊಣೆಗಾರರು. ಗೇಟಿನ ಬೆಲೆಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುವ ನಾವು, ಅದನ್ನು ಹಿಡಿದು ನಿಂತ ಹುಡುಗನ ಮುಖಕ್ಕೆ ಕವಚವಿದೆಯೇ ಎಂದು ಕೇಳುವುದಿಲ್ಲ. ನುಲಿಯ ಚಂದಯ್ಯ, ಮೇದರ ಕೇತಯ್ಯನವರ ಪರಂಪರೆಯವರು ನಾವು. ಕಾಯಕಕ್ಕೆ ಪೂಜೆಯ ಸ್ಥಾನ ಕೊಟ್ಟ ಶರಣರು ಕಾಯವನ್ನು ಕಡೆಗಣಿಸಲಿಲ್ಲ. ಕಾಯ ಕೆಟ್ಟರೆ ಕಾಯಕವೆಲ್ಲಿಯದು? ಶ್ರೀಮಠದ ಕೆಲಸವಿರಲಿ, ಮನೆಯ ಕೆಲಸವಿರಲಿ, ಸಹಾಯಕನಿಗೆ ಕವಚವಿಲ್ಲದ ಕಡೆ ಕೆಲಸ ಆರಂಭಿಸಬಾರದೆಂಬ ನಿಯಮವನ್ನು ಈ ಜಾತ್ರೆಯಿಂದಲೇ ಸದ್ಭಕ್ತರು ಪಾಲಿಸಲಿ. ಕವಚ ತರಲು ಅಂಗಡಿಯವನಿಗೆ ಕಷ್ಟವಾದರೆ ಭಕ್ತರೇ ಒಂದನ್ನು ಕೊಡಿಸಲಿ. ಅದೂ ದಾಸೋಹವೇ.