ಅಂಕಗಳಾಚೆಯ ವಿವೇಕ

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಮನೆಮಂದಿ ಕೇಳುವ ಮೊದಲ ಪ್ರಶ್ನೆ 'ಎಷ್ಟು ಅಂಕ?' ಎಂಬುದು. ಫಿಸಿಯೋಥೆರಪಿಯಂತಹ ಶುಶ್ರೂಷೆಯ ವೃತ್ತಿಗೆ ಮಕ್ಕಳನ್ನು ಅಣಿಗೊಳಿಸುವ ಕುಟುಂಬಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂದು ನಾವು ಭಾವಿಸುತ್ತೇವೆ: ಆ ಅಂಕಗಳು ಅಳೆದದ್ದಾದರೂ ಏನನ್ನು?

ಸೊಂಟನೋವೆಂದು ಬಂದ ರೋಗಿಯೊಬ್ಬರನ್ನು ಊಹಿಸೋಣ. ಸ್ನಾಯುಗಳ ಹೆಸರು, ವ್ಯಾಯಾಮಗಳ ಕ್ರಮ ವಿದ್ಯಾರ್ಥಿಗೆ ಕಂಠಪಾಠವಾಗಿರಬಹುದು. ಆದರೆ ರೋಗಿಗೆ ಮೂತ್ರ ಕಟ್ಟಿಕೊಂಡಿದ್ದು, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ, ಬೆನ್ನುಹುರಿಯ ಕೆಳಗಿನ ನರಗಳು ಒತ್ತಡಕ್ಕೆ ಸಿಲುಕಿರುವ ಶಂಕೆ ಮೂಡಲೇಬೇಕು. ಆಗ ಬೇಕಾದುದು ವ್ಯಾಯಾಮವಲ್ಲ. ತಡಮಾಡದೆ ಶಸ್ತ್ರವೈದ್ಯರಲ್ಲಿಗೆ ಕಳುಹಿಸುವುದು. ಕೇಳದೆ ಬಿಟ್ಟ ಒಂದು ಪ್ರಶ್ನೆಗೆ ರೋಗಿಯು ಬಾಳಿನುದ್ದಕ್ಕೂ ಬೆಲೆ ತೆರಬೇಕಾದೀತು.

ಇಂತಹ ವಿವೇಚನೆಯನ್ನು ಪರೀಕ್ಷಿಸುವುದೆಂತು? 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 'ಆಸ್ಕಿ' ಎಂಬ ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಮೇಜಿನಿಂದ ಮೇಜಿಗೆ ಸಾಗುತ್ತ, ಗೊತ್ತಾದ ಅವಧಿಯಲ್ಲಿ ಕೆಲಸ ಮಾಡಿ ತೋರಿಸುತ್ತಾರೆ. ಇದು ಕೈಯ ಕೌಶಲವನ್ನು ಚೆನ್ನಾಗಿ ಅಳೆಯುತ್ತದೆ; ಅದರ ಹಿಂದಿನ ಚಿಂತನೆ ಮಾತ್ರ ಎಲ್ಲ ವೇಳೆಯೂ ಗೋಚರಿಸದು. ಮುಂದೆ ಕೆನಡಾದಲ್ಲಿ ರೂಪುಗೊಂಡ 'ಸ್ಕ್ರಿಪ್ಟ್ ಕನ್ಕಾರ್ಡೆನ್ಸ್' ಪರೀಕ್ಷೆಯಲ್ಲಿ ರೋಗಿಯ ವೃತ್ತಾಂತವನ್ನೂ ಒಂದು ಊಹೆಯನ್ನೂ ಕೊಟ್ಟು, ಬಳಿಕ ಹೊಸ ಸಂಗತಿಯೊಂದನ್ನು ತಿಳಿಸುತ್ತಾರೆ. ಊಹೆ ಬಲಗೊಂಡಿತೇ, ದುರ್ಬಲವಾಯಿತೇ ಎಂದು ವಿದ್ಯಾರ್ಥಿ ನಿರ್ಣಯಿಸಬೇಕು. ಉತ್ತರವನ್ನು ಅನುಭವಿಗಳ ಮಂಡಳಿಯ ಉತ್ತರಗಳೊಡನೆ ತೂಗಲಾಗುತ್ತದೆ. ಅನುಭವಿಗಳಲ್ಲೇ ಭಿನ್ನಾಭಿಪ್ರಾಯವಿದ್ದರೆ ಆಂಶಿಕ ಅಂಕವೂ ಉಂಟು. ಆದರೂ ರೋಗಿಯ ಹಾಸಿಗೆಯ ಬಳಿ ನಿಂತು 'ಹೀಗೇಕೆ ಯೋಚಿಸಿದಿರಿ? ಯಾವ ಲಕ್ಷಣ ಕಂಡರೆ ಮನಸ್ಸು ಬದಲಿಸುವಿರಿ?' ಎಂದು ಕೇಳುವ ಗುರುವಿನ ಸ್ಥಾನವನ್ನು ಯಾವ ಪ್ರಶ್ನೆಪತ್ರಿಕೆಯೂ ತುಂಬಲಾರದು.

ಕಾರ್ಯದಲ್ಲಿ ತೊಡಗುವ ಋಜುವಾದ ಬುದ್ಧಿಯೇ ವಿವೇಕವೆಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ವಿವೇಕಿಯು ಸಾಮಾನ್ಯ ತತ್ತ್ವಗಳನ್ನು ಅರಿತರೆ ಸಾಲದು, ಎದುರಿಗಿರುವ ಬಿಡಿ ಸಂಗತಿಯನ್ನೂ ಅರಿಯಬೇಕು. ಪರರಿಂದ ಕಲಿಯುವ ವಿನಯವನ್ನೂ ಅವರು ವಿವೇಕದ ಅಂಗವೆಂದೇ ಎಣಿಸಿದ್ದಾರೆ. ಪುಸ್ತಕದಲ್ಲಿರುವುದು ರೋಗ, ಎದುರಿಗೆ ಕುಳಿತಿರುವುದು ದೇವರ ಪ್ರತಿರೂಪವಾದ ಒಬ್ಬ ವ್ಯಕ್ತಿ.

ಪರೀಕ್ಷೆ ಏನನ್ನು ಅಳೆಯುವುದೋ ವಿದ್ಯಾರ್ಥಿ ಅದನ್ನೇ ಕಲಿಯುತ್ತಾನೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗಾಗಿ ಔಷಧಾಲಯ ತೆರೆದಂದಿನಿಂದ ಬೆಳೆದುಬಂದ ಸೇವಾಪರಂಪರೆ ನಮ್ಮದು. ಆ ಪರಂಪರೆಗೆ ಸೇರಲಿರುವ ಮಕ್ಕಳು ಉತ್ತರ ಒಪ್ಪಿಸುವವರಷ್ಟೇ ಆಗದೆ, ಸರಿಯಾದ ಪ್ರಶ್ನೆ ಕೇಳಬಲ್ಲವರೂ ಆಗಲಿ. ಹೆತ್ತವರು, ಅಧ್ಯಾಪಕರು ಈ ಕುರಿತು ಚಿಂತಿಸುವರೆಂದು ಆಶಿಸುತ್ತೇವೆ.