ಗಾಮಾ ಕಿರಣಕ್ಕೂ ಮೊದಲು ಅಪ್ಪನ ಕೈ

1962ರಲ್ಲಿ ಅಮೆರಿಕದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಬರಹಗಳು ಅಚ್ಚಾದವು. ಒಂದು, ಸ್ಟಾನ್ ಲೀ ಬರೆದು ಜ್ಯಾಕ್ ಕರ್ಬಿ ಚಿತ್ರಿಸಿದ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಕಾಮಿಕ್ಸಿನ ಮೊದಲ ಸಂಚಿಕೆ. ಇನ್ನೊಂದು, ಕೊಲರಾಡೊದ ಡೆನ್ವರ್ ನಗರದ ಮಕ್ಕಳ ವೈದ್ಯ ಹೆನ್ರಿ ಕೆಂಪೆ ತಮ್ಮ ಸಹೋದ್ಯೋಗಿಗಳೊಂದಿಗೆ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್’ ಎಂಬ ಪ್ರಬಂಧ. ಮೊದಲನೆಯದು ಹುಡುಗರು ಚಿಲ್ಲರೆ ಕಾಸು ಕೊಟ್ಟು ಕೊಳ್ಳುತ್ತಿದ್ದ ಅಗ್ಗದ ಪುಸ್ತಕ. ಎರಡನೆಯದು ವೈದ್ಯರು ಮಾತ್ರ ಓದುವ ಬರಹ. ಇವೆರಡಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಅನ್ನಿಸಿರಲಾರದು. ಒಂದರಲ್ಲಿ ಗಾಮಾ ಕಿರಣವು ಸೌಮ್ಯ ಸ್ವಭಾವದ ವಿಜ್ಞಾನಿಯೊಬ್ಬನನ್ನು ರಾಕ್ಷಸನನ್ನಾಗಿ ಮಾಡುತ್ತದೆ. ಇನ್ನೊಂದರಲ್ಲಿ ಎಕ್ಸ್‌-ರೇ ಕಿರಣವು ಎಳೆಯ ಮಕ್ಕಳ ಮೂಳೆಗಳಲ್ಲಿ ಹಳೆಯ, ಹೊಸ, ಅರ್ಧ ಕೂಡಿಕೊಂಡ ಮುರಿತಗಳನ್ನು ಒಟ್ಟಿಗೆ ತೋರಿಸಿ, ‘ಮಗು ಬಿದ್ದು ಪೆಟ್ಟು ಮಾಡಿಕೊಂಡಿತು’ ಎಂಬ ಮನೆಯವರ ಮಾತನ್ನು ಸುಳ್ಳಾಗಿಸುತ್ತದೆ. ಈ ಎರಡು ಕಥೆಗಳು ಒಂದೇ ಕಥೆಯಾಗಲು 23 ವರ್ಷ ಬೇಕಾಯಿತು.

ಹಲ್ಕ್‌ನ ಮೂಲ ಕಥೆಯಲ್ಲಿ ಮನೆಯೇ ಇಲ್ಲ. ಡಾ. ಬ್ರೂಸ್ ಬ್ಯಾನರ್ ಸೇನೆಗಾಗಿ ಗಾಮಾ ಬಾಂಬ್ ತಯಾರಿಸುವ ವಿಜ್ಞಾನಿ. ಪರೀಕ್ಷೆಯ ಹೊತ್ತಿಗೆ ಮರುಭೂಮಿಯೊಳಗೆ ಕಾರು ನುಗ್ಗಿಸಿದ ಹದಿಹರೆಯದ ಹುಡುಗನನ್ನು ಕಂದಕಕ್ಕೆ ತಳ್ಳಿ ಉಳಿಸುವಾಗ ತಾನೇ ಸ್ಫೋಟಕ್ಕೆ ಸಿಲುಕುತ್ತಾನೆ. ಆ ಮೊದಲ ಸಂಚಿಕೆಯಲ್ಲಿ ಅವನ ಬಣ್ಣ ಬೂದು. ಮುದ್ರಣದಲ್ಲಿ ಬೂದು ಬಣ್ಣ ಸರಿಯಾಗಿ ಮೂಡದ ಕಾರಣ ಎರಡನೆಯ ಸಂಚಿಕೆಯಿಂದ ಹಸಿರಾದ. ಅವನು ರೂಪಾಂತರಗೊಳ್ಳುತ್ತಿದ್ದುದೂ ಕೋಪದಿಂದಲ್ಲ, ಕತ್ತಲಾದಾಗ. ಫ್ರಾಂಕೆನ್‌ಸ್ಟೈನ್ ಮತ್ತು ಜೆಕಿಲ್-ಹೈಡ್ ಕಥೆಗಳಿಂದ ಪ್ರೇರಣೆ ಪಡೆದದ್ದನ್ನು ಲೀ ಅವರೇ ಹೇಳಿಕೊಂಡಿದ್ದಾರೆ. ಶೀತಲ ಸಮರದ ಅಮೆರಿಕಕ್ಕೆ ಅದು ಒಪ್ಪುವ ಭಯವಾಗಿತ್ತು: ಅಪಾಯ ಹೊರಗಿದೆ, ಬಾಂಬಿನಲ್ಲಿದೆ, ಗೂಢಚಾರನಲ್ಲಿದೆ. ಮನೆಯ ಬಾಗಿಲು ಹಾಕಿಕೊಂಡರೆ ಒಳಗಿರುವುದೆಲ್ಲ ಸುರಕ್ಷಿತ.

ಆ ಬಾಗಿಲನ್ನು ತೆರೆದವರು ಲೇಖಕ ಬಿಲ್ ಮ್ಯಾಂಟ್ಲೊ. 1985ರಲ್ಲಿ ಮೈಕ್ ಮಿಗ್ನೋಲಾ ಅವರ ಚಿತ್ರಗಳೊಂದಿಗೆ ಬಂದ 312ನೆಯ ಸಂಚಿಕೆಯಲ್ಲಿ ಬ್ರೂಸ್‌ನ ಬಾಲ್ಯ ಮೊದಲ ಬಾರಿಗೆ ವಿವರವಾಗಿ ಕಾಣಿಸಿಕೊಂಡಿತು. ತಂದೆ ಬ್ರಯಾನ್ ಬ್ಯಾನರ್ ಕೂಡ ಅಣುವಿಜ್ಞಾನಿ, ಕುಡುಕ. ತನ್ನ ಕೆಲಸದ ವಿಕಿರಣದಿಂದ ಮಗ ವಿಕಾರವಾಗಿ ಹುಟ್ಟಿದ್ದಾನೆಂಬ ಶಂಕೆ ಅವನಿಗೆ. ಮಗುವಿನ ಬುದ್ಧಿವಂತಿಕೆಯೇ ಅವನ ಕಣ್ಣಿಗೆ ರಾಕ್ಷಸತನದ ಸಾಕ್ಷಿ. ಮಗನನ್ನು ಹೊಡೆಯುತ್ತಾನೆ, ತಡೆಯಲು ಬಂದ ಹೆಂಡತಿ ರೆಬೆಕಾಳನ್ನೂ ಹೊಡೆಯುತ್ತಾನೆ. ಕೊನೆಗೆ ಅವಳು ಮಗನನ್ನು ಕರೆದುಕೊಂಡು ಮನೆ ಬಿಟ್ಟು ಹೊರಡುವಾಗ ಅವಳನ್ನು ಮಗನ ಕಣ್ಣೆದುರೇ ಕೊಲ್ಲುತ್ತಾನೆ. ಕೌಟುಂಬಿಕ ಹಿಂಸೆಯನ್ನು ಅಧ್ಯಯನ ಮಾಡುವವರು ಮತ್ತೆ ಮತ್ತೆ ಎಚ್ಚರಿಸುವ ಸಂಗತಿಯಿದು: ಹೊಡೆಯುವ ಗಂಡನನ್ನು ಬಿಟ್ಟು ಹೊರಡುವ ಗಳಿಗೆಯೇ ಹೆಣ್ಣಿನ ಪಾಲಿಗೆ ಅತ್ಯಂತ ಅಪಾಯದ ಗಳಿಗೆ. ‘ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಾರದಿತ್ತೆ?’ ಎಂದು ಸುಲಭವಾಗಿ ಕೇಳುವವರಿಗೆ ಆ ಕಾಮಿಕ್ಸಿನ ಒಂದು ಪುಟ ಉತ್ತರ ಕೊಡುತ್ತದೆ.

ಹಾಗಾದರೆ ಹಲ್ಕ್ ಹುಟ್ಟಿದ್ದು ಮರುಭೂಮಿಯಲ್ಲಲ್ಲ. ಅಳಲು, ಕೂಗಲು, ತಿರುಗಿಬೀಳಲು ಅವಕಾಶವಿಲ್ಲದ ಮಗುವಿನೊಳಗೆ. ಬಾಂಬ್ ಅವನಿಗೆ ದೇಹವನ್ನಷ್ಟೇ ಕೊಟ್ಟಿತು. 1987ರಿಂದ ಸುಮಾರು ಹನ್ನೊಂದು ವರ್ಷ ಈ ಸರಣಿಯನ್ನು ಬರೆದ ಪೀಟರ್ ಡೇವಿಡ್ ಈ ಎಳೆಯನ್ನು ಮುಂದಕ್ಕೆ ಒಯ್ದರು. ಅವರ ಕೈಯಲ್ಲಿ ಹಸಿರು ಹಲ್ಕ್ ಎಂದರೆ ತನ್ನನ್ನು ಒಂಟಿಯಾಗಿ ಬಿಡಿರೆಂದು ಗೋಗರೆಯುವ ಮಗು. ಲಾಸ್ ವೇಗಸ್‌ನ ಜೂಜುಕಟ್ಟೆಯಲ್ಲಿ ಕಾವಲುಗಾರನಾಗಿ ‘ಜೋ ಫಿಕ್ಸಿಟ್’ ಎಂಬ ಹೆಸರಿನಲ್ಲಿ ದುಡಿಯುವ ಬೂದು ಹಲ್ಕ್ ಎಂದರೆ ಯಾರ ಹಂಗೂ ಬೇಡವೆನ್ನುವ ಹದಿಹರೆಯ. ಬ್ಯಾನರ್ ಎಂದರೆ ಯಾವ ಭಾವನೆಯನ್ನೂ ಹೊರಗೆ ಬಿಡದ ವಯಸ್ಕ. 1991ರ 377ನೆಯ ಸಂಚಿಕೆಯಲ್ಲಿ ಮನೋವೈದ್ಯ ಡಾಕ್ ಸ್ಯಾಮ್ಸನ್ ಸಮ್ಮೋಹನದ ಮೂಲಕ ಈ ಮೂವರನ್ನೂ ಒಂದೇ ನೆನಪಿನೆದುರು ನಿಲ್ಲಿಸುತ್ತಾನೆ. ಆ ನೆನಪು ಬಾಂಬಿನದಲ್ಲ, ತಾಯಿಯ ಸಾವಿನದು.

ವೈದ್ಯಶಾಸ್ತ್ರದಲ್ಲಿ ಇಂಥ ಸ್ಥಿತಿಗೆ ಹೆಸರಿದೆ. 1980ರಲ್ಲಿ ಅಮೆರಿಕನ್ ಮನೋವೈದ್ಯರ ಕೈಪಿಡಿ ‘ಬಹುವ್ಯಕ್ತಿತ್ವ’ವನ್ನು ಸ್ವತಂತ್ರ ಕಾಯಿಲೆಯೆಂದು ಪಟ್ಟಿ ಮಾಡಿತು; 1994ರಲ್ಲಿ ಅದನ್ನು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂದು ಬದಲಿಸಿತು. ಈ ಬದಲಾವಣೆ ಕೇವಲ ಪದಗಳದಲ್ಲ. ಒಂದು ದೇಹದಲ್ಲಿ ಹಲವು ಜನ ಸೇರಿಕೊಂಡಿದ್ದಾರೆಂಬುದಕ್ಕಿಂತ, ಒಬ್ಬ ವ್ಯಕ್ತಿಯಾಗಿ ಒಂದುಗೂಡಬೇಕಿದ್ದ ಅನುಭವಗಳು ಕೂಡಲೇ ಇಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಹೊಡೆಯುವ ಕೈಯೇ ಅನ್ನವನ್ನೂ ಹಾಕುವಾಗ ಮಗುವಿಗೆ ಓಡಲು ಜಾಗವಿಲ್ಲ. ಬೆಳಿಗ್ಗೆ ಅದೇ ಅಪ್ಪನ ಜೊತೆ ತಿಂಡಿಗೆ ಕೂರಬೇಕಾದರೆ ರಾತ್ರಿ ನಡೆದದ್ದು ತನಗಲ್ಲ, ಬೇರೆ ಯಾರಿಗೋ ನಡೆಯಿತೆಂದು ಅದು ಬದಿಗಿಡಬೇಕಾಗುತ್ತದೆ. ಈ ಕಾಯಿಲೆಯ ಮೂಲದ ಬಗ್ಗೆ ಮನೋವೈದ್ಯರಲ್ಲಿ ಭಿನ್ನಮತವಿದೆ. ಸಮ್ಮೋಹನದ ಮೂಲಕ ವೈದ್ಯರೇ ರೋಗಿಯ ತಲೆಯಲ್ಲಿ ವ್ಯಕ್ತಿತ್ವಗಳನ್ನು ಬಿತ್ತುವ ಅಪಾಯವುಂಟೆಂಬ ಟೀಕೆಯೂ ಹಳೆಯದು. ಆದರೆ ಬಾಲ್ಯದ ಹಿಂಸೆ ಮನಸ್ಸಿನ ಮೇಲೆ ದೀರ್ಘ ಕಾಲದ ಗಾಯ ಬಿಡುತ್ತದೆಂಬ ಬಗ್ಗೆ ಭಿನ್ನಮತವಿಲ್ಲ.

ಹಲ್ಕ್‌ನ ಕಥೆಯ ಮೇಲಿನ ಆಕ್ಷೇಪಗಳೂ ಗಂಭೀರವಾದವೇ. ಮೊದಲನೆಯದು, ಗಾಯವನ್ನು ಶಕ್ತಿಯನ್ನಾಗಿ ತೋರಿಸುವ ಚಟ. ಹೊಡೆಸಿಕೊಂಡ ಮಗು ಬೆಳೆದು ಟ್ಯಾಂಕರುಗಳನ್ನು ಎತ್ತಿ ಎಸೆಯುವುದಿಲ್ಲ. ಅದು ಕಚೇರಿಯಲ್ಲಿ ಮೇಲಧಿಕಾರಿ ದನಿಯೇರಿಸಿದಾಗ ಮರಗಟ್ಟಿ ನಿಲ್ಲುತ್ತದೆ, ನಿದ್ದೆಗೆಡುತ್ತದೆ, ಕೆಲವೊಮ್ಮೆ ತನ್ನ ಮಕ್ಕಳ ಮೇಲೆಯೇ ಕೈ ಎತ್ತುತ್ತದೆ. ಎರಡನೆಯದು, ಬಹುವ್ಯಕ್ತಿತ್ವದವರೆಲ್ಲ ಅಪಾಯಕಾರಿಗಳೆಂಬ ಭ್ರಮೆ. 2016ರ ‘ಸ್ಪ್ಲಿಟ್’ ಚಿತ್ರ 23 ವ್ಯಕ್ತಿತ್ವಗಳ ಅಪಹರಣಕಾರನನ್ನೂ ಅವನೊಳಗಿನ ಇಪ್ಪತ್ನಾಲ್ಕನೆಯ ಮೃಗವನ್ನೂ ತೋರಿಸಿ ಆ ಭ್ರಮೆಯನ್ನು ಹಣವಾಗಿಸಿಕೊಂಡಿತು. ಮೂರನೆಯದು, ಒಂದೇ ಬಾರಿಗೆ ಗುಣವಾಗುವ ಸುಖಾಂತ್ಯ. ಇದು ಕನ್ನಡ ಪ್ರೇಕ್ಷಕರಿಗೂ ಹೊಸದಲ್ಲ. 2004ರ ‘ಆಪ್ತಮಿತ್ರ’ ದೆವ್ವ ಮೆಟ್ಟಿದೆಯೆಂದು ತೋರುವ ಹೆಣ್ಣನ್ನು ಮನೋವೈದ್ಯನ ಕಣ್ಣಿನಿಂದ ನೋಡಿದ್ದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿಯೂ ಒಂದು ರಾತ್ರಿಯ ನಾಟಕದಲ್ಲಿ ಎಲ್ಲವೂ ಸರಿಹೋಗುತ್ತದೆ. ವಾಸ್ತವದ ಚಿಕಿತ್ಸೆ ವರ್ಷಗಟ್ಟಲೆ ನಡೆಯುವ, ನಾಟಕೀಯತೆಯಿಲ್ಲದ ದುಡಿಮೆ.

ಈ ಆಕ್ಷೇಪಗಳಿಗೆ ಕಾಮಿಕ್ಸ್ ಲೋಕವೇ ತಡವಾಗಿ ಉತ್ತರ ಹುಡುಕಿತು. 1989ರಲ್ಲಿ ಗ್ರಾಂಟ್ ಮಾರಿಸನ್ ಮತ್ತು ರಿಚರ್ಡ್ ಕೇಸ್ ‘ಡೂಮ್ ಪೆಟ್ರೋಲ್’ ಸರಣಿಯಲ್ಲಿ ಸೃಷ್ಟಿಸಿದ ಕ್ರೇಜಿ ಜೇನ್‌ಗೆ 64 ವ್ಯಕ್ತಿತ್ವಗಳು, ಪ್ರತಿಯೊಂದಕ್ಕೂ ಒಂದು ಶಕ್ತಿ. ಮೂಲದಲ್ಲಿರುವುದು ತಂದೆಯ ಲೈಂಗಿಕ ದೌರ್ಜನ್ಯ. ಗಂಡಸಿನ ಸಿಟ್ಟಿಗೆ ‘ಇನ್‌ಕ್ರೆಡಿಬಲ್’ ಎಂಬ ಬಿರುದು, ಹೆಣ್ಣಿನ ನೋವಿಗೆ ‘ಕ್ರೇಜಿ’ ಎಂಬ ಹಣೆಪಟ್ಟಿ ಎಂಬುದನ್ನು ಗಮನಿಸದೆ ಇರಲಾಗದು. ಆದರೂ ಆ ಕಥೆ ಅವಳನ್ನು ವಾಸಿ ಮಾಡುವ ಅವಸರ ತೋರುವುದಿಲ್ಲ. 2018ರಿಂದ 2021ರವರೆಗೆ 50 ಸಂಚಿಕೆಗಳಲ್ಲಿ ಬಂದ ಆಲ್ ಯೂಯಿಂಗ್ ಅವರ ‘ಇಮ್ಮಾರ್ಟಲ್ ಹಲ್ಕ್’ ಇನ್ನೂ ಮುಂದೆ ಹೋಯಿತು. ಅಲ್ಲಿ ಎಲ್ಲರಿಗಿಂತ ಭಯಂಕರನಾಗಿ ಕಾಣುವ ‘ಡೆವಿಲ್ ಹಲ್ಕ್’ ನಿಜದಲ್ಲಿ ಬ್ರೂಸ್‌ನನ್ನು ಪ್ರೀತಿಸುವ ತಂದೆಯ ಪ್ರತಿರೂಪ. ತನಗೆ ಸಿಗದ ಅಪ್ಪನನ್ನು ಆ ಮಗು ತಾನೇ ಕಟ್ಟಿಕೊಂಡಿತ್ತು, ಆದರೆ ಅಪ್ಪನೆಂದರೆ ಭಯವೆಂದಷ್ಟೇ ತಿಳಿದಿದ್ದರಿಂದ ಆ ಪ್ರೀತಿಗೂ ಭಯದ ಮುಖವೇ ಬಂತು. ಇಡೀ ಸೂಪರ್‌ಹೀರೋ ಸಾಹಿತ್ಯದಲ್ಲಿ ಇದಕ್ಕಿಂತ ನಿಖರವಾದ ಮನೋವೈಜ್ಞಾನಿಕ ಒಳನೋಟ ವಿರಳ.

ಆದರೆ ಜಗತ್ತಿನ ಬಹುಪಾಲು ಜನ ಹಲ್ಕ್‌ನನ್ನು ಬಲ್ಲದ್ದು ಈ ಪುಟಗಳಿಂದಲ್ಲ, ಸಿನಿಮಾಗಳಿಂದ. 2003ರಲ್ಲಿ ಆಂಗ್ ಲೀ ತಮ್ಮ ಚಿತ್ರದಲ್ಲಿ ತಂದೆಯನ್ನೂ ತಾಯಿಯ ಕೊಲೆಯನ್ನೂ ಕಥೆಯ ಕೇಂದ್ರಕ್ಕೆ ತಂದಾಗ ಹಲವು ಪ್ರೇಕ್ಷಕರಿಗೆ ಅದು ಭಾರವೆನಿಸಿತು. ನಂತರ ಮಾರ್ವೆಲ್ ಸಂಸ್ಥೆ ತಾನೇ ಕಟ್ಟಿದ ಚಿತ್ರಸರಣಿಯಲ್ಲಿ ಆ ತಂದೆ ಕಾಣಿಸಿಕೊಳ್ಳಲೇ ಇಲ್ಲ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಬ್ಯಾನರ್ ಮತ್ತು ಹಲ್ಕ್ ಆಗಲೇ ಒಂದಾಗಿಬಿಟ್ಟಿದ್ದಾರೆ, ಗಾಮಾ ಪ್ರಯೋಗಾಲಯದಲ್ಲಿ ಒಂದೂವರೆ ವರ್ಷ ಕಳೆದು ಅದನ್ನು ಸಾಧಿಸಿದೆನೆಂದು ಉಪಾಹಾರದ ಮೇಜಿನಲ್ಲಿ ಕೂತು ನಗುತ್ತ ಹೇಳುತ್ತಾನೆ. ಕಾಮಿಕ್ಸಿನಲ್ಲಿ ತಾಯಿಯ ಶವದ ಮುಂದೆ ನಿಂತು ಅತ್ತ ಮೇಲೆ ಸಿಕ್ಕಿದ್ದು ಇಲ್ಲಿ ಯಂತ್ರಗಳ ನಡುವೆ ಸಿಗುತ್ತದೆ. ಅಪ್ಪನನ್ನು ಅಳಿಸಿ ಬಾಂಬನ್ನು ಮರಳಿ ತಂದದ್ದು ಆಕಸ್ಮಿಕವಾಗಿರಲಿ, ವ್ಯಾಪಾರದ ಲೆಕ್ಕಾಚಾರವಾಗಿರಲಿ, ಪರಿಣಾಮ ಒಂದೇ: ಕೋಪಕ್ಕೆ ಕಾರಣ ಮನೆಯಲ್ಲಿ ಹುಡುಕಬೇಕಾಗಿಲ್ಲ. ಇಡೀ ಸಂಸಾರ ಒಟ್ಟಿಗೆ ಕೂತು ಪಾಪ್‌ಕಾರ್ನ್ ತಿನ್ನುತ್ತ ನೋಡಬಹುದಾದ ಹಲ್ಕ್ ಇವನು.

ಅನಿವಾಸಿ ಕನ್ನಡಿಗರ ಮನೆಗಳಿಗೂ ಬಂದಿರುವುದು ಈ ಹಲ್ಕನೇ. ಮಕ್ಕಳ ಅಂಗಿಯ ಮೇಲೆ, ಊಟದ ಡಬ್ಬಿಯ ಮೇಲೆ ಅವನ ಹಸಿರು ಮುಷ್ಟಿಯಿದೆ. ಆ ಮನೆಗಳ ಸಂತೋಷಕೂಟಗಳಲ್ಲಿ ಆಗಾಗ ಕೇಳಿಬರುವ ತಮಾಷೆಯೊಂದಿದೆ: ‘ಇಲ್ಲಿ ಮಕ್ಕಳಿಗೆ ಒಂದೇಟು ಹಾಕುವ ಹಾಗೂ ಇಲ್ಲ, ಪೊಲೀಸರು ಬರುತ್ತಾರೆ.’ ನಗುವವರಿಗೆ ಆ ಕಾನೂನು ಎಲ್ಲಿಂದ ಬಂತೆಂಬುದು ಗೊತ್ತಿರಬೇಕು. ಕೆಂಪೆ ಅವರ ಪ್ರಬಂಧ 71 ಆಸ್ಪತ್ರೆಗಳಿಂದ ಒಂದು ವರ್ಷದ 302 ಪ್ರಕರಣಗಳನ್ನು ಲೆಕ್ಕ ಹಾಕಿತ್ತು. ಅವರಲ್ಲಿ 33 ಮಕ್ಕಳು ಸತ್ತಿದ್ದರು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಹೆತ್ತವರು ಹೀಗೆ ಮಾಡಿಯಾರೆಂದು ನಂಬಲು ವೈದ್ಯರ ಮನಸ್ಸೇ ಒಪ್ಪುವುದಿಲ್ಲವೆಂದೂ ಅದು ಬರೆಯಿತು. ಆ ಪ್ರಬಂಧ ಎಬ್ಬಿಸಿದ ಕಳವಳದಿಂದಲೇ ಐದು ವರ್ಷಗಳೊಳಗೆ ಅಮೆರಿಕದ ಎಲ್ಲ ರಾಜ್ಯಗಳೂ ಮಕ್ಕಳ ಮೇಲಿನ ಹಿಂಸೆಯ ಶಂಕೆಯನ್ನು ವರದಿ ಮಾಡಲು ಕಾನೂನು ತಂದವು. ಶಾಲೆಯ ಟೀಚರು ಮಗುವಿನ ತೋಳಿನ ಬಾಸುಂಡೆಯನ್ನು ನೋಡಿ ಫೋನ್ ಎತ್ತುವುದು ಭಾರತೀಯರ ಸಂಸ್ಕೃತಿ ಅರ್ಥವಾಗದೆ ಅಲ್ಲ. ಒಂದು ಕಾಲದಲ್ಲಿ ಯಾರೂ ಫೋನ್ ಎತ್ತದೆ ಮಕ್ಕಳು ಸತ್ತರೆಂಬ ಕಾರಣಕ್ಕೆ. ಈ ವ್ಯವಸ್ಥೆ ಬಡವರ, ಕರಿಯರ, ಮೂಲನಿವಾಸಿಗಳ ಮನೆಗಳ ಮೇಲೆ ಹೆಚ್ಚು ಕಠಿಣವಾಗಿ ಎರಗುತ್ತದೆಂಬ ಟೀಕೆ ನ್ಯಾಯವಾದದ್ದು. ಆದರೆ ಕೂಟದಲ್ಲಿ ನಗುವವರು ಆ ಅನ್ಯಾಯದ ಬಗ್ಗೆ ಮಾತಾಡುತ್ತಿರುವುದಿಲ್ಲ.

ಹೊಡೆದು ಬೆಳೆಸುವುದಕ್ಕೆ ಕನ್ನಡದಲ್ಲಿ ಸಿದ್ಧ ಸಮರ್ಥನೆಗಳು ಬೇಕಾದಷ್ಟಿವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ, ದಂಡಂ ದಶಗುಣಂ ಎನ್ನುತ್ತಾರೆ. ‘ನಾವೂ ಏಟು ತಿಂದೇ ಬೆಳೆದವರು, ಏನಾಯಿತು?’ ಎಂದು ಡಾಕ್ಟರು, ಎಂಜಿನಿಯರುಗಳಾದವರು ಕೇಳುತ್ತಾರೆ. 2007ರಲ್ಲಿ ಭಾರತದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಏಟು ತಿಂದವರಲ್ಲಿ 88.6 ಶೇಕಡಾ ಮಕ್ಕಳನ್ನು ಹೊಡೆದವರು ಹೆತ್ತವರೇ. ಇವರಲ್ಲಿ ಪ್ರತಿಯೊಬ್ಬರೂ ಒಡೆದುಹೋಗುತ್ತಾರೆಂದಲ್ಲ. ಬಹುವ್ಯಕ್ತಿತ್ವದಂಥ ಸ್ಥಿತಿ ಅಪರೂಪದ್ದು, ಅತಿ ತೀವ್ರ ಹಿಂಸೆಯ ಜೊತೆ ಹೆಣೆದುಕೊಂಡದ್ದು. ಆದರೆ ‘ಏನಾಯಿತು?’ ಎಂಬ ಪ್ರಶ್ನೆಗೆ ಬ್ರೂಸ್ ಬ್ಯಾನರ್ ಕೂಡ ಒಂದು ಉತ್ತರವೇ. ಅವನೂ ಡಾಕ್ಟರೇಟ್ ಪಡೆದವನು, ಮಿತಭಾಷಿ, ವಿನಯಶೀಲ, ದೊಡ್ಡ ಹುದ್ದೆಯಲ್ಲಿದ್ದವನು. ಹೊರಗಿನಿಂದ ನೋಡಿದವರಿಗೆ ಅವನಿಗೆ ಏನೂ ಆಗಿರಲಿಲ್ಲ.

ಕಾರಣ ಹೇಳುವುದೆಂದರೆ ತಪ್ಪನ್ನು ಮನ್ನಿಸುವುದಲ್ಲವೆಂಬುದನ್ನೂ ಇಲ್ಲಿ ಸ್ಪಷ್ಟಪಡಿಸಬೇಕು. ಹಲ್ಕ್ ನೆಲಸಮ ಮಾಡಿದ ಊರುಗಳು ಅವನ ಬಾಲ್ಯ ಕೇಳಿ ಮತ್ತೆ ಎದ್ದು ನಿಲ್ಲುವುದಿಲ್ಲ. ಬ್ರಯಾನ್ ಕೂಡ ಏಟು ತಿಂದು ಬೆಳೆದವನೆಂದು ನಂತರದ ಕಥೆಗಳು ಹೇಳುತ್ತವೆ. ಅದರಿಂದ ರೆಬೆಕಾಳ ಕೊಲೆ ಹಗುರವಾಗುವುದಿಲ್ಲ. ಬಾಲ್ಯವನ್ನು ಹುಡುಕಬೇಕಾದದ್ದು ದೊಡ್ಡವರಾದ ಮೇಲೆ ಕ್ಷಮೆ ಕೊಡಲಿಕ್ಕಲ್ಲ, ಮುಂದಿನ ಮಗುವನ್ನು ಹೊತ್ತಿಗೆ ಸರಿಯಾಗಿ ಕಾಣಲಿಕ್ಕೆ.

ಕಾಮಿಕ್ಸ್ ಹೇಳುವ ಬ್ರೂಸ್‌ನ ಬಾಲ್ಯದ ಕಥೆಯಲ್ಲಿ ಹಲ್ಕ್‌ನ ಯಾವ ಹೋರಾಟಕ್ಕಿಂತ ಹೆಚ್ಚು ಕಲಕುವ ಭಾಗ ನ್ಯಾಯಾಲಯದ್ದು. ತನ್ನ ವಿರುದ್ಧ ಬಾಯಿಬಿಟ್ಟರೆ ನರಕಕ್ಕೆ ಹೋಗುತ್ತೀಯೆಂದು ಬ್ರಯಾನ್ ಮಗನನ್ನು ಹೆದರಿಸಿರುತ್ತಾನೆ. ಕಟಕಟೆಯಲ್ಲಿ ನಿಂತ ಹುಡುಗ ಅಪ್ಪ ತಮಗೆ ಏನೂ ಮಾಡಿಲ್ಲವೆಂದು ಸಾಕ್ಷಿ ಹೇಳುತ್ತಾನೆ. ಅಪ್ಪ ಬಿಡುಗಡೆಯಾಗುತ್ತಾನೆ, ಕೊನೆಗೆ ಸಿಕ್ಕಿಬೀಳುವುದು ಕುಡಿದು ತಾನೇ ಜಂಬ ಕೊಚ್ಚಿಕೊಂಡಾಗ. ಮಗನ ಮಾತಿನಿಂದ ಅಲ್ಲ, ಏಕೆಂದರೆ ಮಗ ಮಾತಾಡಬಹುದಾದ ಜಾಗವನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ಬ್ರೂಸ್‌ನ ಬಾಲ್ಯದ ಬಾಗಿಲು ತೆರೆದ ಮ್ಯಾಂಟ್ಲೊ ಮುಂದೆ ಕಾನೂನು ಓದಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬಡವರ ಪರ ವಾದಿಸುವ ವಕೀಲರಾದರು. ಮನೆಯಲ್ಲಿ ಹಲ್ಕ್‌ನ ಸಿನಿಮಾ ಹಾಕಿದಾಗ, ಅವನಿಗೆ ಯಾಕೆ ಇಷ್ಟು ಕೋಪವೆಂದು ಮಗು ಕೇಳಿದರೆ, ಗಾಮಾ ಕಿರಣವೆಂದು ಹೇಳಿ ಮುಗಿಸುವುದು ಸುಲಭ. ಅವನು ಚಿಕ್ಕವನಿದ್ದಾಗ ಅವನ ಅಪ್ಪ ಅವನನ್ನು ಹೊಡೆಯುತ್ತಿದ್ದ, ಅದನ್ನು ಯಾರಿಗೂ ಹೇಳಲಾಗಲಿಲ್ಲ ಎಂದು ಹೇಳುವ ಮನೆಯಲ್ಲಿ ಮಗುವಿಗೆ ಇನ್ನೊಂದು ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ.