ವರದಿಯ ಮೊದಲ ಸಾಲು

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ದಾದಿ ಮುಂದೆ ಸಲಹೆಗಾರ್ತಿಯಾದಾಗ ಹೊಸದೊಂದು ಭಯ ಎದುರಾಗುತ್ತದೆ. ನಡುರಾತ್ರಿ ಉಸಿರಿಗಾಗಿ ಒದ್ದಾಡುವ ರೋಗಿಯ ಬಳಿ ನಡುಗದ ಕೈ, ಆಡಳಿತಕ್ಕೆ ಇಂಗ್ಲಿಷಿನಲ್ಲಿ ವರದಿ ಬರೆಯುವಾಗ ನಡುಗುತ್ತದೆ. ಮೊದಲ ಸಾಲನ್ನು ಬರೆದು ಅಳಿಸುವುದರಲ್ಲೇ ಸಂಜೆ ಕಳೆಯುತ್ತದೆ. ಓದಿದ ಮಾಧ್ಯಮವೇ ಇದಕ್ಕೆ ಕಾರಣವೆಂದು ಆಕೆ ನಂಬುತ್ತಾಳೆ, ಮನೆಯವರೂ ಹೌದೆನ್ನುತ್ತಾರೆ. ಇಂಗ್ಲಿಷ್ ಮಾಧ್ಯಮದವರೂ ಇದೇ ಸಾಲಿನಲ್ಲಿ ಸಿಕ್ಕಿಕೊಳ್ಳುವುದನ್ನು ಯಾರೂ ಗಮನಿಸುವುದಿಲ್ಲ.

ಭಯದ ಬೇರು ಭಾಷೆಯಲ್ಲಷ್ಟೇ ಇಲ್ಲ. ವಾರ್ಡಿನ ಟಿಪ್ಪಣಿ ಕಂಡದ್ದನ್ನು ಹೇಳಿದರೆ ಸಾಕು. ವರದಿ ತೀರ್ಮಾನವನ್ನೂ ಹೇಳಬೇಕು, ಅದರ ಕೆಳಗೆ ಸಹಿ ಹಾಕಬೇಕು. ರೋಗಿಗೆ ಹಾಸಿಗೆ ಹುಣ್ಣು ಆದದ್ದೇಕೆ? ‘ಆರೈಕೆ ಸಾಲದು’ ಎಂದರೆ ಸಹೋದ್ಯೋಗಿಗಳ ಮೇಲಿನ ದೂರಾಗುತ್ತದೆ. ಏನೂ ಹೇಳದಿದ್ದರೆ ರೋಗಿಗೆ ಅನ್ಯಾಯವಾಗುತ್ತದೆ.

ಇಲ್ಲಿ ನೆರವಾಗುವುದು ಹಳೆಯ ಟಿಪ್ಪಣಿಯ ರೂಢಿಯೇ. ರಾತ್ರಿ 10ಕ್ಕೆ ಮಗ್ಗುಲು ಬದಲಿಸಿದ ದಾಖಲೆಯಿದೆ. ಮುಂದಿನ ದಾಖಲೆ ಬೆಳಗಿನ 6ಕ್ಕೆ. ಆ ಪಾಳಿಯಲ್ಲಿ ಎಷ್ಟು ದಾದಿಯರಿದ್ದರು, ಎಷ್ಟು ರೋಗಿಗಳಿದ್ದರು? ‘ಮಗ್ಗುಲು ಬದಲಿಸಿಲ್ಲ’ ಎನ್ನುವುದು ಊಹೆ. ‘ದಾಖಲೆಯಿಲ್ಲ’ ಎನ್ನುವುದು ಸತ್ಯ. ಈ ಎರಡನ್ನು ಬೇರ್ಪಡಿಸಿದವಳಿಗೆ ಸಹಿ ಹಾಕುವ ಧೈರ್ಯ ಬರುತ್ತದೆ. ವಿಶೇಷಣಗಳ ಅಗತ್ಯವೂ ಅಷ್ಟಾಗಿ ಬೀಳದು. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವೆಂದು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ತೋರಿಸಿದ್ದು ಅಂಕಿಅಂಶಗಳಿಂದ ಮತ್ತು ಬಣ್ಣದ ವೃತ್ತಚಿತ್ರಗಳಿಂದ.

ಪರಿಸ್ಥಿತಿ, ಹಿನ್ನೆಲೆ, ವಿಶ್ಲೇಷಣೆ, ಸಲಹೆ ಎಂಬ ನಾಲ್ಕು ಭಾಗಗಳ ಕ್ರಮ ಪಾಳಿ ಬದಲಾಗುವಾಗ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ವರದಿಗೂ ಅದೇ ಚೌಕಟ್ಟು ಸಾಕು. ಮೊದಲ ಸಾಲನ್ನೇ ಮೊದಲು ಬರೆಯಬೇಕೆಂಬ ಕಟ್ಟಳೆಯಿಲ್ಲ; ಹಿನ್ನೆಲೆಯಿಂದ ತೊಡಗಬಹುದು. ಕರಡು ಕನ್ನಡದಲ್ಲೇ ಇರಲಿ. ಕ್ಯಾಥೆಟರ್, ಡ್ರಿಪ್ ಮೊದಲಾದವನ್ನು ಅನುವಾದಿಸುವ ಗೋಜು ಬೇಡ. ವಿಚಾರ ನೆಲೆಗೊಂಡ ಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳು ಕಷ್ಟವಲ್ಲ.

ಒಪ್ಪಿಸುವ ಮೊದಲು ಆ ರಾತ್ರಿ ಪಾಳಿಯಲ್ಲಿದ್ದ ದಾದಿಯನ್ನೊಮ್ಮೆ ಕೇಳಬೇಕು. “2 ಗಂಟೆಗೆ ಮಗ್ಗುಲು ಬದಲಿಸಿದ್ದೆ, ಬರೆಯಲು ಪುರುಸೊತ್ತಾಗಲಿಲ್ಲ” ಎಂದು ಆಕೆ ಹೇಳಿದರೆ, ಅದೂ ಆಕೆಯ ಹೇಳಿಕೆಯಾಗಿಯೇ ವರದಿಗೆ ಸೇರಬೇಕು.